ಸಾರಾ ಪಾವತಿಯ ಲೆಕ್ಕ

ನಮ್ಮ ತಿಕೋಟಾದ ಮನೆಯಲ್ಲಿ ಅಜ್ಜನ ತಗಡಿನ ಟ್ರಂಕೊಂದಿದೆ. ಅದರ ತಳದಲ್ಲಿ ಸುತಳಿಯಿಂದ ಕಟ್ಟಿದ ಸಾರಾ ಪಾವತಿಗಳು, ಅಂದರೆ ಹೊಲದ ಕಂದಾಯ ಕಟ್ಟಿದ ರಸೀದಿಗಳು. ವಿಜಯಪುರದ ಕೋರ್ಟಿನ ಎದುರು ಮೂವತ್ತು ವರ್ಷ ಕೂತು ದಸ್ತಾವೇಜು ಬರೆದವನು ನಾನು. ಹಳೆ ಕಾಗದ ಕೈಗೆ ಬಂದರೆ ಮೊದಲು ಮೊತ್ತ ನೋಡುವ ಚಾಳಿ. 1920ರ ಪಾವತಿಯ ಮೂಲೆ ಗೆದ್ದಲು ತಿಂದಿದೆ, ಮಸಿ ಕಂದಿದೆ. ಅಂಕಿ ಮಾತ್ರ ಉಳಿದಿದೆ: 11 ರೂಪಾಯಿ 6 ಆಣೆ.

ಆ ವರ್ಷ ಮುಂಬಯಿ ಇಲಾಖೆಯ ಶಾಸನ ಸಭೆಗೆ ಚುನಾವಣೆ ನಡೆಯಿತು. ಹಳ್ಳಿಯ ಹೊಲದವನಿಗೆ ಮತ ಬೇಕೆಂದರೆ ವರ್ಷಕ್ಕೆ 32 ರೂಪಾಯಿ ಸಾರಾ ಆಕಾರವಾದರೂ ಇರಬೇಕಿತ್ತು. ಅಜ್ಜ ಹೊರಗೆ ಉಳಿದ.

ಅದಕ್ಕೂ ಮೊದಲಿನ ಕಥೆ ಇನ್ನೂ ಮೇಲ್ಮಟ್ಟದ್ದು. 1861ರ ಕಾಯಿದೆಯಂತೆ ಮುಂಬಯಿ ಕೌನ್ಸಿಲ್ 1862ರಲ್ಲಿ ಶುರುವಾದಾಗ ಗವರ್ನರ್ ಕರೆದವನೇ ಸದಸ್ಯ. ಕನ್ನಡ ಸೀಮೆಯಿಂದ ಹಾಗೆ ಆರಂಭದಲ್ಲೇ ಕರೆಸಿಕೊಂಡವರು ಸವಣೂರಿನ ನವಾಬರು. ನಮ್ಮ ಬಿಜಾಪುರವೋ (ಇಂದಿನ ವಿಜಯಪುರ) ಆಗ ಜಿಲ್ಲೆಯ ಮುಖ್ಯ ಊರೂ ಅಲ್ಲ. ಕಚೇರಿಗಳು ಕಲಾದಗಿಯಲ್ಲಿದ್ದವು, 1885ರಲ್ಲಿ ಇಲ್ಲಿಗೆ ಬಂದವು. ಅತ್ತ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲೇ 144 ಜನರನ್ನು ಕೂಡಿಸಿ ಪ್ರಜಾಪ್ರತಿನಿಧಿ ಸಭೆ ನಡೆಸಿದ್ದರು. ಅವರಾದರೂ ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ.

1920ರಲ್ಲಿ ನಮ್ಮ ಕಡೆಯಿಂದ ಕೌನ್ಸಿಲಿಗೆ ಹೋದವರು ವಕೀಲ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಧಾರವಾಡದಲ್ಲಿ ಹುಟ್ಟಿ, 1904ರಲ್ಲಿ ಬಿಜಾಪುರಕ್ಕೆ ಬಂದು ವಕೀಲಿ ಹೂಡಿದವರು. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಅವರ ಕೈಯಲ್ಲೇ ಕಣ್ಣುಬಿಟ್ಟವು. ಮನೆಮನೆ ಅಲೆದು ತಾಡೋಲೆ ಹುಡುಕಿ, 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ವಚನ ಪಿತಾಮಹ ಎಂದರೆ ಇಲ್ಲಿ ಹುಡುಗರೂ ಕೈ ಮುಗಿಯುತ್ತಾರೆ, ಎಂ.ಎಲ್.ಸಿ. ಹಳಕಟ್ಟಿ ಅಂದರೆ ಯಾವ ಹಳಕಟ್ಟಿ ಎಂದು ನನ್ನನ್ನೇ ಕೇಳಿದವರಿದ್ದಾರೆ.

ಅವರ ಮುಂಬಯಿ ಪ್ರಯಾಣವನ್ನು ನಾನು ಆಗಾಗ ಲೆಕ್ಕ ಹಾಕುತ್ತೇನೆ. ಬಿಜಾಪುರದಲ್ಲಿ ಮೀಟರ್ ಗೇಜ್ ಗಾಡಿ, ಹೊಟಗಿಯಲ್ಲಿ ಇಳಿದು ದೊಡ್ಡ ಗೇಜಿನ ಗಾಡಿ, ಮುಂದೆ ಸೊಲ್ಲಾಪುರ, ಪುಣೆ, ಘಾಟು. ಒಂದು ಕಡೆ ಕಕ್ಷಿದಾರರ ಕಾಗದ, ಇನ್ನೊಂದು ಕಡೆ ಬಸವಣ್ಣನ ಓಲೆ. ಅಷ್ಟು ದೂರ ಹೋದ ಸದಸ್ಯನ ಕೈಗೆ ಸಿಕ್ಕಿದ್ದಾದರೂ ಎಷ್ಟು? ಶಾಲೆ, ಲೋಕಲ್ ಬೋರ್ಡು, ಆರೋಗ್ಯ ಮಂತ್ರಿಗಳಿಗೆ ಸೇರಿದವು. ಪೊಲೀಸು ಮತ್ತು ಭೂಕಂದಾಯ ಗವರ್ನರನ ಕಡೆಯವರ ಖಾತೆ. ಯಾವ ಸಾರಾ ನೋಡಿ ಮತ ಕೊಟ್ಟರೋ ಆ ಸಾರಾದ ಮೇಲೆ ಮತ ಪಡೆದವನಿಗೆ ಹಿಡಿತವಿರಲಿಲ್ಲ! ನಮ್ಮ ದಸ್ತಾವೇಜಿನ ಭಾಷೆಯಲ್ಲಿ ಹೇಳುವುದಾದರೆ, ಹಕ್ಕು ಬರೆದುಕೊಟ್ಟು ಕಬ್ಜಾ ಕೊಡದ ವ್ಯವಹಾರ.

1937ರ ಚುನಾವಣೆಗೆ 32 ರೂಪಾಯಿಯ ಗೆರೆ 8ಕ್ಕೆ ಇಳಿಯಿತು. ಅಜ್ಜನ ಸಾರಾ ಏರಿರಲಿಲ್ಲ, ಗೆರೆ ತಗ್ಗಿತು. ಅಜ್ಜ ಒಳಗೆ ಬಂದ. ಹೊಸ ರುಮಾಲು ಸುತ್ತಿಕೊಂಡು ಹೋಗಿ ಮತ ಹಾಕಿ ಬಂದನಂತೆ. ಅಜ್ಜಿ ಕಾದದ್ದು 1952ರವರೆಗೆ. ಆ ಸಲ ಸಾರಾ ಯಾರೂ ಕೇಳಲಿಲ್ಲ. ಬೆರಳಿನ ಮಸಿ ರೊಟ್ಟಿ ಹಿಟ್ಟಿಗೆ ಹತ್ತೀತೆಂದು ಅಂದು ಸಂಜೆ ಎಡಗೈ ಎತ್ತಿ ಹಿಡಿದೇ ರೊಟ್ಟಿ ಬಡಿದಳು ಎಂದು ಅವ್ವ ನಗುತ್ತಿದ್ದಳು.

1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, ನಮ್ಮ ಶಾಸಕರ ಗಾಡಿ ಮುಂಬಯಿ ಬಿಟ್ಟು ಬೆಂಗಳೂರಿನ ದಿಕ್ಕು ಹಿಡಿಯಿತು. ಮುಂಬಯಿಯಲ್ಲಿ ವಿಧಾನಸಭೆಯ ಉಪಸಭಾಧ್ಯಕ್ಷರಾಗಿದ್ದ ಹುನಗುಂದದ ಎಸ್.ಆರ್. ಕಂಠಿ ಮೈಸೂರಿನಲ್ಲಿ ಸಭಾಧ್ಯಕ್ಷರಾದರು. 1962ರಲ್ಲಿ ಮೂರು ತಿಂಗಳ ಮುಖ್ಯಮಂತ್ರಿ. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಜಮಖಂಡಿಯ ಬಿ.ಡಿ. ಜತ್ತಿ, 1958ರಿಂದ. ಎರಡೂ ಊರು ಆಗ ನಮ್ಮ ಜಿಲ್ಲೆಯವೇ.

ಮುಂದೆ ನಮ್ಮ ತಿಕೋಟಾ ಕ್ಷೇತ್ರದಿಂದ ಬಿ.ಎಂ. ಪಾಟೀಲರು ಗೆದ್ದರು. ಅವರು ತೀರಿಕೊಂಡ ಮೇಲೆ 1991ರ ಉಪಚುನಾವಣೆಯಲ್ಲಿ ಮಗ ಎಂ.ಬಿ. ಪಾಟೀಲ ಬಂದರು. ಹಳಕಟ್ಟಿಯವರು ಕಟ್ಟಿದ ಬಿ.ಎಲ್.ಡಿ.ಇ.ಯ ಅಧ್ಯಕ್ಷ ಸ್ಥಾನವೂ ಆ ಮನೆಗೇ ಬಂತು. 2008ರಲ್ಲಿ ಕ್ಷೇತ್ರಗಳ ಗೆರೆ ಮತ್ತೆ ಎಳೆದಾಗ ತಿಕೋಟಾ ಹೆಸರು ಹೋಗಿ ಬಬಲೇಶ್ವರ ಆಯಿತು. ಕಟ್ಟೆಯ ಮೇಲೆ ಕೂತವರು ಮಾತ್ರ ಇಂದಿಗೂ 'ನಮ್ಮ ತಿಕೋಟಾ ಕ್ಷೇತ್ರ' ಅನ್ನುತ್ತಾರೆ, ನಾನೂ ತಿದ್ದುವುದಿಲ್ಲ.