ಹೋದ ಮಾನಕ್ಕೆ ರಸೀದಿ ಎಲ್ಲಿಂದ ತರೋದು?

ಸುಟ್ಟ ಬಣವೆಗೆ ಬೆಲೆ ಕಟ್ಟಬಹುದು, ಸತ್ತ ಎತ್ತಿಗೂ ಕಟ್ಟಬಹುದು. ಹೋದ ಹೆಸರಿಗೆ? ಹಳೇ ಇಂಗ್ಲೆಂಡಿನ ಕಾನೂನು ಇದಕ್ಕೆ ಪಕ್ಕಾ ಅಂಗಡಿಯವನ ಥರ ಉತ್ತರ ಕೊಡ್ತಿತ್ತು. ಬರೆದು ಅಚ್ಚು ಹಾಕಿದ್ದಾದರೆ ಹಾನಿ ಆಗಿದೆ ಅಂತಲೇ ಲೆಕ್ಕ. ಬರೀ ಬಾಯಿಮಾತಾದರೆ ನಷ್ಟ ತೋರಿಸಬೇಕು: ಕೆಲಸ ಹೋಯ್ತು, ಗಿರಾಕಿ ತಪ್ಪಿದ, ಗೊತ್ತಾಗಿದ್ದ ಮದುವೆ ಮುರೀತು. ಅಪರಾಧ, ಅಂಟುರೋಗ, ಕಸುಬಿನ ಮೇಲಿನ ಆರೋಪಗಳಿಗೆ ಮಾತ್ರ ವಿನಾಯಿತಿ. ಹೆಣ್ಣಿನ ನಡತೆ ಬಗ್ಗೆ ಆಡಿದ ಮಾತು ಆ ಪಟ್ಟಿಯಲ್ಲಿರಲಿಲ್ಲ. ನೊಂದು ಹಾಸಿಗೆ ಹಿಡಿದರೂ ಸಾಲದು. 1860ರ ಆಲ್ಸಪ್ ಪ್ರಕರಣದಲ್ಲಿ ಕಾಯಿಲೆಯನ್ನು ನಷ್ಟ ಅಂತ ಕೋರ್ಟು ಒಪ್ಪಲೇ ಇಲ್ಲ.

ಈ ನಿಯಮ ನಮ್ಮಲ್ಲಿಗೂ ಬರಬೇಕಿತ್ತು. 1884ರಲ್ಲಿ ಮದರಾಸು ಹೈಕೋರ್ಟಿನ ಮುಂದೆ ‘ಪಾರ್ವತಿ ವಿರುದ್ಧ ಮನ್ನಾರ್’ ಬಂತು. ಒಬ್ಬ ಹೆಂಗಸನ್ನು, ಈಕೆ ಗಂಡನ ಲಗ್ನದ ಹೆಂಡತಿಯೇ ಅಲ್ಲ, ಹಲವು ಕಡೆಯಿಂದ ಹೊರಹಾಕಿಸಿಕೊಂಡವಳು ಅಂತ ಬೈದದ್ದು ವಿಷಯ. ನಷ್ಟದ ಲೆಕ್ಕ ಬೇಕಿಲ್ಲ, ಆ ಇಂಗ್ಲಿಷ್ ನಿಯಮ ಇಲ್ಲಿಗೆ ಬೇಡ ಅಂತು ಕೋರ್ಟು. ಲಂಡನ್ನಿನ ಸಂಸತ್ತು ಹೆಂಗಸರಿಗೆ ಇಂಥ ರಿಯಾಯಿತಿ ಕೊಟ್ಟಿದ್ದು 1891ರಲ್ಲಿ, ಅಂದ್ರೆ ಏಳು ವರ್ಷ ತಡವಾಗಿ!

ನಾನು ಮದರಾಸಿನ ಪರ. ಮದುವೆ ಮುರಿದದ್ದಕ್ಕೆ ಸಾಕ್ಷಿ ಬೇಕೆಂದರೆ ಬೀಗರಾಗಬೇಕಿದ್ದವರನ್ನೇ ಕಟಕಟೆಗೆ ತರಬೇಕು. ಅವರು ತುಂಬಿದ ಕೋರ್ಟಿನಲ್ಲಿ ಅದೇ ಮಾತನ್ನು ಇನ್ನೊಮ್ಮೆ ಹೇಳಿ, ಹೌದು ನಾವದನ್ನು ನಂಬಿದೆವು ಅನ್ನಬೇಕು. ಯಾವ ಹುಡುಗಿಯ ಅಪ್ಪ ಇದಕ್ಕೆ ಒಪ್ಪಿಯಾನು?

ಆದರೆ ಆ ತೀರ್ಪು ಎಲ್ಲ ಕನ್ನಡತಿಯರಿಗೂ ಸಿಗಲಿಲ್ಲ. ಮಂಗಳೂರು, ಬಳ್ಳಾರಿ ಮದರಾಸಿಗೆ ಸೇರಿದ್ದವು, ಸರಿ. ಧಾರವಾಡದವರ ಮೇಲ್ಮನವಿ ಬೊಂಬಾಯಿಗೆ. ಮೈಸೂರಿಗೆ ಅದೇ 1884ರಲ್ಲಿ ತನ್ನದೇ ಚೀಫ್ ಕೋರ್ಟು ಬಂತು. ನಮ್ಮ ಹಳ್ಳಿಖೇಡ (ಬಿ), ಆ ‘ಬಿ’ ಅಂದ್ರೆ ಬುಜುರ್ಗ್, ನಿಜಾಮರ ಬೀದರಿನಲ್ಲಿತ್ತು. ಮದರಾಸಿನ ಮಾತಿಗೆ ಇಲ್ಲಿನ ನ್ಯಾಯಾಧೀಶರು ತಲೆಬಾಗಬೇಕಿರಲಿಲ್ಲ. ಬೈಗುಳ ಒಂದೇ, ದರಬಾರು ನಾಲ್ಕು. ಇವೆಲ್ಲ ಒಂದೇ ಹೈಕೋರ್ಟಿನಡಿ ಬಂದದ್ದು 1956ರ ನವೆಂಬರ್ 1ಕ್ಕೆ.

ಇಂದಿಗೂ ಲೆಕ್ಕ ಪೂರ್ತಿ ಹೋಗಿಲ್ಲ. ಗೆದ್ದ ಮೇಲೂ ಎಷ್ಟು ಅನ್ನೋ ಪ್ರಶ್ನೆ ಉಳಿಯುತ್ತೆ. 2013ರ ಐಪಿಎಲ್ ಬೆಟ್ಟಿಂಗ್ ಸುದ್ದಿಗೆ ನಟಿ ರಮ್ಯಾ ಹೆಸರು ತಳುಕು ಹಾಕಿದ್ದಕ್ಕೆ 2021ರಲ್ಲಿ ಬೆಂಗಳೂರಿನ ಕೋರ್ಟು ಸುದ್ದಿವಾಹಿನಿ ಮೇಲೆ 50 ಲಕ್ಷ ಹೊರಿಸಿತು. ಸಾಮಾನ್ಯರಿಗೆ ಅಂಥ ಅಂಕಿ ಕನಸು. ಇನ್ನು 1963ರ ಕಾಲಮಿತಿ ಕಾಯಿದೆಯ 76ನೇ ಬಾಬು ತೆಗೆದು ನೋಡಿ. ಮಾತಾಡಿದ ದಿನದಿಂದ ಒಂದು ವರ್ಷದೊಳಗೆ ದಾವೆ ಹೂಡಬೇಕು. ಆ ಮಾತು ತಾನಾಗಿಯೇ ದಾವೆಗೆ ಸಾಲದಿದ್ದರೆ, ವಿಶೇಷ ನಷ್ಟ ಆದ ದಿನದಿಂದ ಎಣಿಕೆ. ಆ ಹಳೇ ಅಂಗಡಿಯವನು ಅಲ್ಲಿ ಇನ್ನೂ ಕೂತಿದ್ದಾನೆ.