ಹಸನ್ ಫತ್ಹಿಯೂ ಗುರ್ನಾ ಗ್ರಾಮವೂ

ನಮ್ಮ ಶಿಲ್ಪಶಾಸ್ತ್ರಗಳು ಗೃಹನಿರ್ಮಾಣಕ್ಕೆ ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ ಎಂಬ ನಾಲ್ವರನ್ನು ಹೇಳುತ್ತವೆ. ಮನೆಯು ಒಬ್ಬನ ಬುದ್ಧಿಯಿಂದ ಏಳತಕ್ಕುದಲ್ಲವೆಂಬುದೇ ಇದರ ತಾತ್ಪರ್ಯವಷ್ಟೆ. ಪಾಶ್ಚಾತ್ಯ ಪದ್ಧತಿಯಲ್ಲಿ ಶಿಕ್ಷಿತನಾದ ಸ್ಥಪತಿಯೊಬ್ಬನು ಈ ತತ್ತ್ವವನ್ನು ಹಳ್ಳಿಯ ಗಾರೆಯವರಿಂದ ಕಲಿತ ವೃತ್ತಾಂತವು ಈಜಿಪ್ತ ದೇಶದಲ್ಲಿ ನಡೆದುದು.

ಹಸನ್ ಫತ್ಹಿಯು 1900ರಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿ ಜನಿಸಿ, 1926ರಲ್ಲಿ ಕೈರೋವಿನಲ್ಲಿ ಪದವೀಧರನಾದನು. ಎರಡನೆಯ ಮಹಾಯುದ್ಧದ ಕಾಲಕ್ಕೆ ಉಕ್ಕೂ ಮರವೂ ದುರ್ಲಭವಾದುವು. ಗೋಡೆಗೆ ನೈಲ್ ನದಿಯ ಮಣ್ಣಾದೀತು; ಛಾವಣಿಗೇನು ಗತಿ? ಮಣ್ಣಿನಿಂದಲೇ ಕಮಾನು ಕಟ್ಟಿಸಹೋದ ಆತನ ಮೊದಲ ಪ್ರಯತ್ನಗಳು ಕುಸಿದುಬಿದ್ದುವು. ಬಳಿಕ ಅಸ್ವಾನ್ ಸೀಮೆಗೆ ಹೋಗಿ ನೋಡಲಾಗಿ, ಅಲ್ಲಿಯ ನೂಬಿಯ ಗಾರೆಯವರು ಮರದ ಆಸರೆಯಿಲ್ಲದೆಯೇ ಕಮಾನುಗಳನ್ನು ಎತ್ತುತ್ತಿದ್ದರು. ಒಂದು ತುದಿಯ ಗೋಡೆಯನ್ನು ಎತ್ತರಿಸಿ, ಅದರ ಮೇಲೆ ಕಮಾನಿನ ರೇಖೆಯನ್ನು ಕಣ್ಣಳತೆಯಿಂದಲೇ ಮಣ್ಣಿನಲ್ಲಿ ತಿದ್ದಿ, ಹುಲ್ಲು ಹೆಚ್ಚಾಗಿ ಬೆರೆಸಿದ ಹಗುರವಾದ ಹಸಿ ಇಟ್ಟಿಗೆಗಳನ್ನು ಅದಕ್ಕೆ ಓರೆಯಾಗಿ ಒರಗಿಸುತ್ತ ಬರುವರು. ಒಂದೊಂದು ಸಾಲೂ ಹಿಂದಿನದನ್ನು ಆತುಕೊಳ್ಳುವುದರಿಂದ ಕೆಳಗೆ ಜಾರದು. ಇಟ್ಟಿಗೆಯ ಮೇಲೆ ಬೆರಳಿನಿಂದ ಗೀರಿದ ಗೆರೆಗಳು ಹಸಿಮಣ್ಣನ್ನು ಕಚ್ಚಿ ಹಿಡಿಯುತ್ತವೆ. ಲಕ್ಸರಿನ ಬಳಿ ರಾಮೆಸ್ಸ ದೊರೆಯ ದೇವಾಲಯದ ಉಗ್ರಾಣಗಳ ಮಣ್ಣಿನ ಕಮಾನುಗಳು ಮೂರು ಸಾವಿರ ವರ್ಷಗಳಿಗೂ ಮೇಲ್ಪಟ್ಟು ನಿಂತಿವೆ. ಇಂಥದು ಆತನ ವಿಶ್ವವಿದ್ಯಾನಿಲಯದ ಪಾಠಕ್ರಮದಲ್ಲಿ ಇರಲಿಲ್ಲ!

ಅದೇ ಲಕ್ಸರಿನ ಎದುರು ದಡದಲ್ಲಿ ಗುರ್ನಾ ಗ್ರಾಮದವರು ಪುರಾತನ ಸಮಾಧಿಗಳ ಮೇಲೆಯೇ ಮನೆಮಾಡಿಕೊಂಡಿದ್ದರು. ಸಮಾಧಿಯೊಳಗಿನ ವಸ್ತುಗಳನ್ನು ಅಗೆದು ಮಾರುವುದು ಅವರಲ್ಲಿ ಹಲವರಿಗೆ ಜೀವನೋಪಾಯ. ಸುಮಾರು 7,000 ಮಂದಿಯನ್ನು ಅಲ್ಲಿಂದೆಬ್ಬಿಸಲು ನಿಶ್ಚಯಿಸಿದ ಸರ್ಕಾರವು ಹೊಸ ಗ್ರಾಮದ ನಿರ್ಮಾಣವನ್ನು 1945ರಲ್ಲಿ ಫತ್ಹಿಗೆ ವಹಿಸಿತು. ಮನೆಯೊಡೆಯ, ಸ್ಥಪತಿ, ಗಾರೆಯವ ಮೂವರೂ ಕೂಡಿ ಮನೆಯನ್ನು ರೂಪಿಸಬೇಕೆಂಬುದು ಆತನ ಸಂಕಲ್ಪ. ದಪ್ಪನೆಯ ಮಣ್ಣಿನ ಗೋಡೆಗಳು ಹಗಲಿನ ಬೇಗೆಯನ್ನು ತಡೆದುವು. ಅಂಗಳಗಳು ಇರುಳಿನ ತಂಪನ್ನು ಕಾದಿಟ್ಟುವು. ಶಾಲೆಯ ಗಾಳಿಗೋಪುರವು ಮೇಲಣ ಗಾಳಿಯನ್ನು ಹಿಡಿದು, ಒದ್ದೆಯಾದ ಇದ್ದಲಿನ ಮೇಲೆ ಹಾಯಿಸಿ ತರಗತಿಗೆ ಇಳಿಸುತ್ತಿತ್ತು.

ಆದರೆ ಗ್ರಾಮದವರು ಬರಲೊಲ್ಲದೆ ಹೋದರು. ತಮ್ಮ ಅನ್ನದ ಮೂಲವನ್ನು ಬಿಟ್ಟು ಯಾರು ತಾನೆ ಬಂದಾರು? ಗುಮ್ಮಟಗಳು ಅವರಿಗೆ ಗೋರಿಗಳಂತೆ ಕಂಡುವೆಂಬ ಮಾತೂ ಉಂಟು. ಮನೆ ಹೇಗಿರಬೇಕೆಂದು ಕೇಳುವ ಮುನ್ನ, ಊರು ಬಿಡಲು ಒಪ್ಪಿಗೆಯೇ ಎಂದು ಕೇಳಬೇಕಾಗಿದ್ದಿತು. ಅದನ್ನು ಸರ್ಕಾರವು ಕೇಳಲಿಲ್ಲ. ಈ ದೋಷವನ್ನು ಸ್ಥಪತಿಯ ತಲೆಗೇ ಕಟ್ಟುವವರ ಮತವು ನನಗೆ ಸಮ್ಮತವಲ್ಲ. 1948ರಲ್ಲಿ ಕೆಲಸವು ಅರ್ಧಕ್ಕೇ ನಿಂತಿತು.

ಫತ್ಹಿಯು ಈ ಕಥೆಯನ್ನು ತಾನೇ ಬರೆದು 1969ರಲ್ಲಿ ಪ್ರಕಟಿಸಿದ ಬಳಿಕ ಲೋಕವು ಅವನನ್ನು ಗುರುತಿಸಿತು. 1989ರಲ್ಲಿ ಆತನು ಕಾಲವಾದನು. ಆತನು ಕಟ್ಟಿಸಿದ ಮನೆಗಳಲ್ಲಿ ಅನೇಕವು ಅಳಿದುಹೋಗಿವೆ, ಮಸೀದಿಯು ಉಳಿದಿದೆ. ಬೆಟ್ಟದ ಮೇಲಿನ ಹಳೆಯ ಗುರ್ನಾವನ್ನು ಸರ್ಕಾರವು 2006ರಲ್ಲಿ ಕೆಡವಲಾರಂಭಿಸಿ, ಅಲ್ಲಿಯವರನ್ನು ಮತ್ತೊಂದು ಹೊಸ ಊರಿಗೆ ಸಾಗಿಸಿತು.