ಕೊಪಣನಗರದ ದರ್ಶನ

ಹುಬ್ಬಳ್ಳಿಯಿಂದ ಗುಂತಕಲ್ಲಿಗೆ ಹೋಗುವ ರೈಲುಮಾರ್ಗದಲ್ಲಿ ಕೊಪ್ಪಳಕ್ಕೆ ಬಂದಿಳಿಯುವ ಯಾತ್ರಿಕನ ಕಣ್ಣು ಮೊದಲು ಕೋಟೆಯ ಕಡೆಗೆ ಹರಿಯುವುದು ಸಹಜವಾಗಿದೆ. 1786ರಲ್ಲಿ ಟಿಪ್ಪು ಸುಲ್ತಾನನು ಈ ದುರ್ಗವನ್ನು ವಶಪಡಿಸಿಕೊಂಡು ಫ್ರೆಂಚ್ ಇಂಜನಿಯರುಗಳ ನೆರವಿನಿಂದ ಬಲಪಡಿಸಿದನು. 1790ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೈನ್ಯಗಳು ಮುತ್ತಿದಾಗ ಅದು ಸುಮಾರು ಆರು ತಿಂಗಳವರೆಗೆ ಶರಣಾಗಲಿಲ್ಲ. 1858ರಲ್ಲಿ ಮುಂಡರಗಿ ಭೀಮರಾಯನು ಇಲ್ಲಿಯೇ ಕಾದಿ ಮಡಿದನು. ಇವೆಲ್ಲವೂ ಸ್ಮರಣೀಯವಾದುವೇ. ಆದರೂ ಕೋಟೆಯನ್ನು ಮಾತ್ರ ನೋಡಿ ಹಿಂದಿರುಗುವವನು ಈ ಊರಿನ ಚರಿತ್ರೆಯ ಕಡೆಯ ಅಧ್ಯಾಯವನ್ನಷ್ಟೇ ಓದಿದಂತಾಗುವುದು. ಅದರ ಮೊದಲಿನ ಅಧ್ಯಾಯಗಳು ಸುತ್ತಣ ಬಂಡೆಗಳ ಮೇಲೆ ಬರೆಯಲ್ಪಟ್ಟಿವೆ.

ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡು ಎಂಬ ಗುಡ್ಡದಲ್ಲಿಯೂ ಅಶೋಕ ಚಕ್ರವರ್ತಿಯ ಎರಡು ಶಾಸನಗಳು 1931ರಲ್ಲಿ ಬೆಳಕಿಗೆ ಬಂದುವು. ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ. ಗವಿಮಠದ ಪ್ರತಿಯು ಚೆನ್ನಾಗಿ ಉಳಿದಿದೆ; ಪಾಲ್ಕಿಗುಂಡಿನದು ಬಹಳ ಸವೆದುಹೋಗಿದೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮಿಕ್ಕಿ ಕಳೆದುವೆಂದೂ, ಧರ್ಮಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಅಲ್ಪನಾದವನಿಗೂ ಸಾಧ್ಯವೆಂದೂ ಸಾಮ್ರಾಟನು ಇವುಗಳಲ್ಲಿ ಸಾರಿದ್ದಾನೆ.

ಪಾಲ್ಕಿಗುಂಡಿನಲ್ಲಿ ಅಶೋಕನ ಅಕ್ಷರಗಳಿಗೆ ಸಮೀಪದಲ್ಲಿಯೇ ಬಂಡೆಯ ಮೇಲೆ ಒಂದು ಜೊತೆ ಪಾದಗಳು ಕೊರೆಯಲ್ಪಟ್ಟಿವೆ. ಅವುಗಳ ಕೆಳಗಿನ ಹಳಗನ್ನಡದ ಎರಡು ಪಂಕ್ತಿಗಳಿಂದ ಅವು ಜಟಾಸಿಂಹನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯನೆಂಬವನು ಅವನ್ನು ಮಾಡಿಸಿದನೆಂದೂ ತಿಳಿದುಬರುತ್ತದೆ. ಸಂಸ್ಕೃತದಲ್ಲಿ 'ವರಾಂಗಚರಿತ'ವನ್ನು ರಚಿಸಿದ ಜೈನಕವಿಯೇ ಈ ಆಚಾರ್ಯನಿರಬೇಕೆಂಬುದು ಆ ಗ್ರಂಥವನ್ನು 1938ರಲ್ಲಿ ಸಂಪಾದಿಸಿದ ಆ. ನೇ. ಉಪಾಧ್ಯೆಯವರ ಅಭಿಪ್ರಾಯ. ಪ್ರಾಕೃತದ ರಾಜವಾಣಿ, ಸಂಸ್ಕೃತದ ಕವಿ, ಕನ್ನಡದ ಭಕ್ತ, ಈ ಮೂವರೂ ಒಂದೇ ಗುಡ್ಡದ ಮೇಲೆ ಸಂಧಿಸಿದ್ದಾರೆ.

ಈ ಊರಿನ ಪ್ರಾಚೀನ ನಾಮವು ಕೊಪಣ. ಹತ್ತನೆಯ ಶತಮಾನದ ಕೊನೆಯಲ್ಲಿ ರನ್ನನು ಅತ್ತಿಮಬ್ಬೆಯ ಶೀಲವನ್ನು ಕೊಂಡಾಡುವಾಗ ಅದರ ಪಾವಿತ್ರ್ಯಕ್ಕೆ ಕೊಪಣದ ಬೆಟ್ಟವನ್ನೇ ಉಪಮಾನವಾಗಿ ತಂದನು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ಮಂತ್ರಿಯಾದ ಹುಳ್ಳನು ಇಲ್ಲಿಯ ಮುನಿಸಮುದಾಯಕ್ಕೆ ದತ್ತಿಯನ್ನು ಕಲ್ಪಿಸಿದುದು ಶ್ರವಣಬೆಳ್ಗೊಳದ ಶಾಸನದಿಂದ ವಿದಿತವಾಗುತ್ತದೆ. ದೂರದ ನಾಡಿನವರೂ ಕೊಪಣವನ್ನು ಮಹಾತೀರ್ಥವೆಂದು ಭಾವಿಸುತ್ತಿದ್ದರೆಂಬುದಕ್ಕೆ ಇಷ್ಟು ಸಾಕು.

ಇದರಿಂದ ಕನ್ನಡ ನುಡಿಯ ಚರಿತ್ರೆಯ ಒಂದು ಪ್ರಶ್ನೆಯೂ ಸ್ವಲ್ಪ ತಿಳಿಯಾಗುತ್ತದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ತಿರುಳು ಎಲ್ಲಿಯದೆಂದು ಹೇಳುವಾಗ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡನ್ನು ನಿರ್ದೇಶಿಸಿದೆ. ಆ ಗ್ರಂಥವು ಹುಟ್ಟಿದುದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಆದರೆ ಅವನ ರಾಜಧಾನಿಯಾದ ಮಾನ್ಯಖೇಟವು ಈ ಎಲ್ಲೆಯೊಳಗೆ ಬರುವುದಿಲ್ಲ. ಅರಸನ ಊರಿನ ನುಡಿಯೇ ಪ್ರಮಾಣವೆಂದು ಬರೆಯುವುದು ಆಸ್ಥಾನದವರಿಗೆ ಕಷ್ಟವಾಗುತ್ತಿರಲಿಲ್ಲ. ಹಾಗೆ ಬರೆಯದೆ ಕೊಪಣ, ಪುಲಿಗೆರೆಗಳಂಥ ತೀರ್ಥಗಳನ್ನು ಹೆಸರಿಸಿದುದು ವಿಚಾರಾರ್ಹವಾದುದು. ಹಲವು ನಾಡುಗಳ ಜನರು ಸೇರುವ, ಮುನಿಗಳು ಶಾಸ್ತ್ರವನ್ನು ಬೋಧಿಸುವ, ಭಕ್ತನು ತನ್ನ ಕಾರ್ಯವನ್ನು ದೇಶಭಾಷೆಯಲ್ಲಿ ಕಲ್ಲಿಗೆ ಒಪ್ಪಿಸುವ ಸ್ಥಳದಲ್ಲಿ ನುಡಿಗೆ ಒಂದು ಹದವು ಬರುತ್ತದೆ. ಕೊಪಣದ ಕನ್ನಡಕ್ಕೆ ದೊರೆತ ಮನ್ನಣೆಗೆ ಇದೇ ಕಾರಣವೆಂದು ನಮಗೆ ತೋರುತ್ತದೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಇದನ್ನು ಆಧಾರವಾಗಿಟ್ಟುಕೊಂಡು ಈಗಿನ ಯಾವ ಸೀಮೆಯ ಆಡುನುಡಿಯನ್ನೂ ಹೆಚ್ಚೆಂದಾಗಲಿ ಕಡಿಮೆಯೆಂದಾಗಲಿ ಹೇಳಲಾಗದು.

ಜೈನತೀರ್ಥದ ವೈಭವವು ಕಾಲಕ್ರಮದಲ್ಲಿ ಇಳಿದರೂ ಯಾತ್ರೆಯು ನಿಲ್ಲಲಿಲ್ಲ. ಇಂದು ಗವಿಸಿದ್ಧೇಶ್ವರ ಮಠದ ಜಾತ್ರೆಗೆ ಪ್ರತಿವರ್ಷವೂ ಲಕ್ಷಾಂತರ ಜನರು ಅದೇ ಬೆಟ್ಟದ ಅಡಿಯಲ್ಲಿ ನೆರೆಯುತ್ತಾರೆ. 1997ರಲ್ಲಿ ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಜಿಲ್ಲಾಕೇಂದ್ರವಾದ ಮೇಲೆ ಊರೂ ಬೆಳೆದಿದೆ. ಇಲ್ಲಿಗೆ ಬರುವ ವಾಚಕರು ಕೋಟೆಯನ್ನು ಅವಶ್ಯವಾಗಿ ಹತ್ತಲಿ. ಆದರೆ ಗವಿಮಠದ ಬಂಡೆಯನ್ನೂ ಪಾಲ್ಕಿಗುಂಡಿನ ಪಾದಗಳನ್ನೂ ನೋಡದೆ ಮರಳದಿರಲಿ. ಅಲ್ಪನಿಗೂ ಫಲವುಂಟೆಂದು ಅಶೋಕನು ಸಾರಿದ ಸ್ಥಳದಲ್ಲಿಯೇ, ಆ ಲಿಪಿಯನ್ನು ಓದಲು ಅರಿಯದ ಕಾಲದಲ್ಲಿ, ಚಾವಯ್ಯನೆಂಬ ಸಾಮಾನ್ಯನು ತನ್ನ ಗುರುಭಕ್ತಿಯನ್ನು ಕನ್ನಡದಲ್ಲಿ ಬರೆಯಿಸಿದನು. ಅವನ ಹೆಸರು ಇಂದಿಗೂ ಅಲ್ಲಿ ಉಳಿದಿದೆ.